ಐದು ರೂಪಾಯಿಗೆ ಇಪ್ಪತ್ತು ಲೀಟರ್: ನಮ್ಮೂರಿನ ಶುದ್ಧ ಕುಡಿಯುವ ನೀರಿನ ಘಟಕ ಹೇಗಿದೆ?

ಪಾವಗಡ ತಾಲ್ಲೂಕಿನ ನಮ್ಮ ಹಳ್ಳಿಯ ಮನೆಗಳಿಗೆ ಕುಡಿಯುವ ನೀರು ಮೂರು ದಾರಿಗಳಲ್ಲಿ ಬರುತ್ತದೆ. ಕೊಳವೆ ಬಾವಿಯಿಂದ ಓವರ್‌ಹೆಡ್ ಟ್ಯಾಂಕಿಗೆ ಏರಿ ನಲ್ಲಿಯಲ್ಲಿ ಇಳಿಯುವ ನೀರು ಒಂದು. ಬಸ್ ನಿಲ್ದಾಣದ ಪಕ್ಕದ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ ಕ್ಯಾನಿಗೆ 20 ಲೀಟರ್ ತುಂಬುವ, ಊರವರೆಲ್ಲ ಫಿಲ್ಟರ್ ನೀರು ಎಂದು ಕರೆಯುವ ನೀರು ಇನ್ನೊಂದು. ಘಟಕ ಕೆಟ್ಟು ನಿಂತಾಗ ಗೂಡ್ಸ್ ಆಟೊದಲ್ಲಿ ಬಂದು ಮಾರಾಟವಾಗುವ ಕ್ಯಾನ್ ನೀರು ಮೂರನೆಯದು. ಈ ವಿಮರ್ಶೆ ಎರಡನೆಯದನ್ನು, ಅಂದರೆ ಘಟಕದ ಸೇವೆಯನ್ನು ಕುರಿತದ್ದು. ಉಳಿದ ಎರಡನ್ನು ಬಿಟ್ಟು ಅದನ್ನು ತೂಗಲು ಆಗುವುದಿಲ್ಲವಾದ್ದರಿಂದ ಅವೂ ನಡುವೆ ಬರುತ್ತವೆ. ಇದೇ ರೀತಿಯ ಘಟಕಗಳು ಕರ್ನಾಟಕದ ಸಾವಿರಾರು ಹಳ್ಳಿಗಳಲ್ಲಿ ಇರುವುದರಿಂದ ನನ್ನ ಅನುಭವ ಬೇರೆ ಊರಿನವರಿಗೂ ಉಪಯೋಗವಾಗಬಹುದು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಯಂತ್ರವನ್ನು ಸರಿಯಾಗಿ ನೋಡಿಕೊಂಡಾಗ ಅದು ಕೊಡುವ ನೀರು ನಂಬಲು ಯೋಗ್ಯವಾಗಿದೆ, ಆದರೆ ಯಾವ ದಿನ ನಂಬಬೇಕು, ಯಾವ ದಿನ ನಂಬಬಾರದು ಎಂಬುದನ್ನು ತಿಳಿಯುವ ಯಾವ ದಾರಿಯನ್ನೂ ಅದನ್ನು ನಡೆಸುವವರು ಊರಿಗೆ ತೆರೆದಿಟ್ಟಿಲ್ಲ.

ಈ ಭಾಗದಲ್ಲಿ ಇಂಥ ಘಟಕ ಏಕೆ ಬೇಕಾಯಿತು ಎಂಬುದನ್ನು ಹೊರಗಿನ ಓದುಗರಿಗಾಗಿ ಹೇಳಬೇಕು. ನಮ್ಮಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ನಾಗಲಮಡಿಕೆಯ ಬಳಿ ಹಾದುಹೋಗುವ ಉತ್ತರ ಪಿನಾಕಿನಿ ಹೆಚ್ಚಿನ ಕಾಲ ಬರಿಯ ಮರಳು. ಒಂದು ಕಾಲಕ್ಕೆ ಕೆರೆ, ತೆರೆದ ಬಾವಿಗಳ ನೀರು ಕುಡಿಯುತ್ತಿದ್ದ ಊರುಗಳು ಕೊಳವೆ ಬಾವಿಗೆ ತಿರುಗಿದವು, ಕೊಳವೆ ಬಾವಿಗಳು ವರ್ಷದಿಂದ ವರ್ಷಕ್ಕೆ ಆಳಕ್ಕಿಳಿದವು. ಕೆಳಗಿರುವ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ಬಂಡೆಯ ಬಿರುಕುಗಳಲ್ಲಿ ನೀರು ಹೆಚ್ಚು ಕಾಲ ನಿಂತಷ್ಟೂ ಈ ಖನಿಜಗಳಿಂದ ಹೆಚ್ಚು ಫ್ಲೋರೈಡ್ ಕರಗಿ ನೀರಿಗೆ ಸೇರುತ್ತದೆ. ಸುಣ್ಣದ ಅಂಶ ಕಡಿಮೆಯಿದ್ದು ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಿರುವ ನೀರಿನಲ್ಲಂತೂ ಅದು ಇನ್ನೂ ಸುಲಭವಾಗಿ ಕರಗುತ್ತದೆ. ಮಳೆ ಕಡಿಮೆಯಾಗಿ, ಅಂತರ್ಜಲ ಹೊಸದಾಗಿ ತುಂಬದೆ, ಹಳೆಯ ನೀರನ್ನೇ ಆಳದಿಂದ ಎತ್ತುತ್ತಿರುವ ಊರುಗಳಲ್ಲಿ ಈ ತೊಂದರೆ ಹೆಚ್ಚುವುದಕ್ಕೆ ಕಾರಣ ಇದೇ.

ಭಾರತೀಯ ಮಾನಕ ಬ್ಯೂರೊದ ಕುಡಿಯುವ ನೀರಿನ ಮಾನದಂಡ, ಅಂದರೆ ಐಎಸ್ 10500, ಒಂದು ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡನ್ನು ಒಪ್ಪತಕ್ಕ ಮಿತಿ ಎನ್ನುತ್ತದೆ. ಬೇರೆ ನೀರೇ ಸಿಗದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎನ್ನುತ್ತದೆ. ಅದನ್ನು ಮೀರಿದ ನೀರನ್ನು ಹಲ್ಲು ಮೂಡುವ ವಯಸ್ಸಿನ ಮಕ್ಕಳು ಕುಡಿದರೆ ಹಲ್ಲಿನ ಮೇಲೆ ಮೊದಲು ಸುಣ್ಣದಂಥ ಬಿಳಿ ಮಚ್ಚೆಗಳು, ಆಮೇಲೆ ಹಳದಿ, ಕಂದು ಪಟ್ಟೆಗಳು ಬರುತ್ತವೆ. ಹೆಚ್ಚು ಪ್ರಮಾಣದಲ್ಲಿ, ಬಹಳ ವರ್ಷ ಕುಡಿದವರಲ್ಲಿ ಮೂಳೆಗೂ ಕೀಲಿಗೂ ಅದು ಸೇರಿಕೊಳ್ಳುತ್ತದೆ: ಕತ್ತು ತಿರುಗದು, ಸೊಂಟ ಬಗ್ಗದು, ಕೆಲವು ಮಕ್ಕಳಲ್ಲಿ ಮಂಡಿಗಳು ಒಳಕ್ಕೆ ಬಾಗುತ್ತವೆ. ಭಾರತದಲ್ಲಿ ಈ ಮೂಳೆಯ ಕಾಯಿಲೆಯನ್ನು ವೈದ್ಯರು ಮೊದಲು ದಾಖಲಿಸಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಹೀಗೆ ಒಮ್ಮೆ ಆದ ಹಾನಿಯನ್ನು ಹಿಂದಕ್ಕೆ ತಿರುಗಿಸುವ ಔಷಧಿ ಇಲ್ಲ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಮ್ಮ ಬಾವಿಗಳಲ್ಲಿ ಸಿಗುವ ಪ್ರಮಾಣದಲ್ಲಿ ರುಚಿಯೂ ಇಲ್ಲ. ನೀರನ್ನು ಕುದಿಸಿದರೆ ಅದು ಹೋಗುವುದೂ ಇಲ್ಲ. ನೀರು ಆವಿಯಾಗಿ ಕಡಿಮೆಯಾದಂತೆ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ.

ಘಟಕದೊಳಗೆ ನಡೆಯುವುದು ಹೀಗೆ. ಕೊಳವೆ ಬಾವಿಯ ನೀರು ಮೊದಲು ಮರಳಿನ ಸೋಸುಕಕ್ಕೆ, ಆಮೇಲೆ ಇದ್ದಿಲಿನ ಸೋಸುಕಕ್ಕೆ ಹೋಗುತ್ತದೆ. ಮುಂದೆ ಬರುವ ಆರ್‌ಒ ಪೊರೆಯ, ಅಂದರೆ ನೀರನ್ನು ಬಿಟ್ಟು ಅದರಲ್ಲಿ ಕರಗಿದ ಲವಣಗಳನ್ನು ತಡೆಯುವ ತೆಳು ಹಾಳೆಯ ಮೇಲೆ ಸುಣ್ಣ ಕಟ್ಟದಂತೆ ಒಂದು ರಾಸಾಯನಿಕವನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ, ಇನ್ನಷ್ಟು ಸಣ್ಣ ರಂಧ್ರಗಳ ಕಾರ್ಟ್ರಿಜ್ ಸೋಸುಕ ದಾಟಿಸಿ, ಹೆಚ್ಚು ಒತ್ತಡದ ಪಂಪಿನಿಂದ ಆರ್‌ಒ ಪೊರೆಯೊಳಕ್ಕೆ ತಳ್ಳುತ್ತಾರೆ. ಪೊರೆ ದಾಟಿ ಬಂದ ನೀರಿಗೆ ನೇರಳಾತೀತ ದೀಪದ ಬೆಳಕು ಹಾಯಿಸಿ ಸ್ಟೀಲ್ ಟ್ಯಾಂಕಿನಲ್ಲಿ ತುಂಬಿಸುತ್ತಾರೆ. ಸುಸ್ಥಿತಿಯಲ್ಲಿರುವ ಪೊರೆ ಫ್ಲೋರೈಡಿನ ಶೇಕಡಾ 90ಕ್ಕೂ ಹೆಚ್ಚು ಭಾಗವನ್ನು ತಡೆಯುತ್ತದೆ. ನಮ್ಮ ಊರಿನಲ್ಲಿ ನೀರು ಪರೀಕ್ಷೆಯ ತರಬೇತಿ ಪಡೆದ ಸ್ವಸಹಾಯ ಸಂಘದ ಅಕ್ಕ ಒಬ್ಬರು ನನ್ನ ಎದುರಿಗೇ ಕಿಟ್‌ನಲ್ಲಿ ಎರಡೂ ನೀರನ್ನು ಪರೀಕ್ಷಿಸಿದರು. ನಲ್ಲಿಯ ನೀರಿಗೆ ದ್ರಾವಣದ ಗುಲಾಬಿ ಬಣ್ಣ ಬೇಗನೆ ಹಳದಿಗೆ ತಿರುಗಿತು. ಬಣ್ಣದ ಪಟ್ಟಿಯೊಂದಿಗೆ ಹೋಲಿಸಿದಾಗ ಅದು 2 ಮತ್ತು 3 ಮಿಲಿಗ್ರಾಂಗಳ ನಡುವೆ ನಿಂತಿತು. ಘಟಕದ ನೀರಿನಲ್ಲಿ ಗುಲಾಬಿ ಬಣ್ಣ ಬಹುಮಟ್ಟಿಗೆ ಹಾಗೆಯೇ ಉಳಿಯಿತು, ಪಟ್ಟಿಯ ಪ್ರಕಾರ ಅರ್ಧ ಮಿಲಿಗ್ರಾಂಗಿಂತ ಕಡಿಮೆ. ಇಂಥ ಕಿಟ್ ಕೊಡುವುದು ಅಂದಾಜು ಮಾತ್ರ; ಆದರೂ ವ್ಯತ್ಯಾಸ ಇಷ್ಟು ಸ್ಪಷ್ಟವಾಗಿರುವಾಗ ಯಂತ್ರ ತನ್ನ ಕೆಲಸ ಮಾಡುತ್ತಿದೆ ಎಂದು ಹೇಳಲು ಅಷ್ಟು ಸಾಕು. ಈ ಒಂದು ಕಾರಣಕ್ಕೇ ಘಟಕಕ್ಕೆ ನಾನು ಕೃತಜ್ಞ. ಇದು ಬರುವ ಮೊದಲು ಈ ಊರಿನ ಮಕ್ಕಳಿಗೆ ಬೇರೆ ನೀರೇ ಇರಲಿಲ್ಲ.

ಆದರೆ ಘಟಕದ ಗೋಡೆಯ ಮೇಲೆ ಜನರಿಗೆ ಕಾಣುವಂತೆ ಇರುವುದು ಟಿಡಿಎಸ್ ಎಂಬ ಒಂದೇ ಅಂಕಿ. ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಎಲ್ಲ ಲವಣಗಳ ಒಟ್ಟು ಪ್ರಮಾಣ. ಕಡ್ಡಿಯಂಥ ಮೀಟರನ್ನು ಲೋಟಕ್ಕೆ ಅದ್ದಿ, ಅಂಕಿ ಕಡಿಮೆ ತೋರಿಸಿದರೆ ನೀರು ಒಳ್ಳೆಯದು ಎಂದು ಒಪ್ಪುವ ರೂಢಿ ಈಗ ಹಳ್ಳಿಹಳ್ಳಿಗೂ ಬಂದಿದೆ. ಆ ಮೀಟರ್ ನೀರಿನ ವಿದ್ಯುತ್ ವಾಹಕತೆಯನ್ನು ಅಳೆದು ಲವಣದ ಅಂದಾಜು ಕೊಡುತ್ತದೆ, ಅಷ್ಟೇ. ಅದಕ್ಕೆ ಫ್ಲೋರೈಡ್ ಬೇರೆ, ಅಡುಗೆ ಉಪ್ಪು ಬೇರೆ ಎಂಬುದು ತಿಳಿಯುವುದಿಲ್ಲ; ಭೇದಿ ತರುವ ರೋಗಾಣು ಲೋಟದ ತುಂಬ ಇದ್ದರೂ ಅದರ ಅಂಕಿ ಅಲುಗುವುದಿಲ್ಲ. ಲೀಟರಿಗೆ 400 ಮಿಲಿಗ್ರಾಂ ಟಿಡಿಎಸ್ ಇರುವ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿರಬಹುದು, 900 ಇರುವ ನೀರಿನಲ್ಲಿ ಮಿತಿಯೊಳಗೇ ಇರಬಹುದು. ಮಾನದಂಡದಲ್ಲಿ ಟಿಡಿಎಸ್‌ಗೆ ಒಪ್ಪತಕ್ಕ ಮಿತಿ 500, ಬೇರೆ ನೀರಿಲ್ಲದಿದ್ದರೆ 2,000 ಎಂದು ಅಷ್ಟು ಸಡಿಲವಾಗಿ ಇಟ್ಟಿರುವುದಕ್ಕೂ ಫ್ಲೋರೈಡಿಗೆ ಅಷ್ಟು ಬಿಗಿಯಾಗಿ ಇಟ್ಟಿರುವುದಕ್ಕೂ ಇರುವ ಅಂತರವನ್ನು ಗಮನಿಸಿದರೆ ಯಾವುದಕ್ಕೆ ಹೆಚ್ಚು ಹೆದರಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಹಾಗೆಂದು ಟಿಡಿಎಸ್ ಮೀಟರನ್ನು ಎಸೆಯಬೇಕಾಗಿಲ್ಲ. ಒಂದೇ ಘಟಕದ ಒಳಬರುವ ನೀರನ್ನೂ ಹೊರಬರುವ ನೀರನ್ನೂ ವಾರ ವಾರ ಅಳೆದು ಬರೆದಿಟ್ಟರೆ ಪೊರೆಯ ಆರೋಗ್ಯ ಅದರಲ್ಲಿ ಕಾಣುತ್ತದೆ. ಒಳಗಿನ ಅಂಕಿ ಹಾಗೆಯೇ ಇದ್ದು ಹೊರಗಿನದು ಏರುತ್ತಾ ಬಂದರೆ ಪೊರೆ ಸವೆದಿದೆ, ಸೀಲ್ ಬಿಟ್ಟಿದೆ, ಇಲ್ಲವೇ ಯಾರೋ ಬೈಪಾಸ್ ವಾಲ್ವ್ ತಿರುಗಿಸಿದ್ದಾರೆ ಎಂದು ಅರ್ಥ. ಈ ಬೈಪಾಸ್ ವಾಲ್ವಿನ ವಿಷಯವನ್ನು ಬಿಡಿಸಿ ಹೇಳಬೇಕು. ಆರ್‌ಒ ನೀರು ತೀರಾ ಸಪ್ಪೆಯಾಗಿದೆ ಎಂದು ಜನ ದೂರಿದಾಗ, ಅಥವಾ ಟ್ಯಾಂಕ್ ಬೇಗ ತುಂಬಲಿ ಎಂದು, ಪೊರೆಗೆ ಹೋಗದ ನೀರನ್ನು ಸ್ವಲ್ಪ ಬೆರೆಸುವ ವ್ಯವಸ್ಥೆ ಕೆಲವು ಘಟಕಗಳಲ್ಲಿ ಇರುತ್ತದೆ. ಬರಿಯ ಗಡಸು ನೀರಿನ ಊರಿನಲ್ಲಿ ಅದರಿಂದ ಹೆಚ್ಚು ಹಾನಿಯಿಲ್ಲ. ಫ್ಲೋರೈಡ್ ಇರುವ ಊರಿನಲ್ಲಿ ಬೆರೆಸಿದ ಪ್ರತಿ ಲೀಟರಿನೊಂದಿಗೂ ಫ್ಲೋರೈಡ್ ವಾಪಸು ಬರುತ್ತದೆ. ನಮ್ಮ ಘಟಕದ ನೀರು ಕಳೆದ ವರ್ಷ ಕೆಲವು ಕಾಲ ಇದ್ದಕ್ಕಿದ್ದಂತೆ ಸಿಹಿಯಾಯಿತೆಂದು ಊರೆಲ್ಲ ಮೆಚ್ಚಿಕೊಂಡಿತ್ತು; ಆ ದಿನಗಳ ಅಂಕಿಯನ್ನು ಯಾರೂ ಬರೆದಿಡಲಿಲ್ಲ, ಹಾಗಾಗಿ ಆ ರುಚಿ ಎಲ್ಲಿಂದ ಬಂತೆಂದು ಈಗ ಹೇಳಲು ಯಾರಿಗೂ ಆಗದು. ನೀರನ್ನು ನಾಲಿಗೆಯಿಂದ ಅಳೆಯುವುದು ನಮ್ಮ ಹಿರಿಯರಿಂದ ಬಂದ ಅಭ್ಯಾಸ. ಸವಳು ನೀರು, ಸಿಹಿ ನೀರು, ಬೇಳೆ ಬೇಯುವ ನೀರು, ಬೇಯದ ನೀರು ಎಂಬ ಆ ತಿಳಿವಳಿಕೆ ಬಾವಿಯ ಕಾಲಕ್ಕೆ ಬಹಳ ಸರಿಯಾಗಿತ್ತು. ಫ್ಲೋರೈಡಿನ ಮುಂದೆ ಅದು ಸೋಲುತ್ತದೆ.

ಇನ್ನು ರೋಗಾಣುಗಳ ಮಾತು. ಪೊರೆ ದಾಟಿ, ನೇರಳಾತೀತ ಬೆಳಕಿಗೆ ಒಡ್ಡಿಕೊಂಡು ಬಂದ ನೀರಿನಲ್ಲಿ ಆ ಕ್ಷಣಕ್ಕೆ ರೋಗಾಣು ಇರುವುದಿಲ್ಲ ಎಂದು ನಂಬಬಹುದು. ಆದರೆ ಆ ನೀರಿನಲ್ಲಿ ಕ್ಲೋರಿನ್ನೂ ಇರುವುದಿಲ್ಲ. ಕ್ಲೋರಿನ್ ಆರ್‌ಒ ಪೊರೆಯನ್ನು ಹಾಳುಮಾಡುತ್ತದೆಂಬ ಕಾರಣಕ್ಕೆ ಇದ್ದಿಲಿನ ಸೋಸುಕದಲ್ಲೇ ಅದನ್ನು ತೆಗೆದುಬಿಟ್ಟಿರುತ್ತಾರೆ. ಕ್ಲೋರಿನ್ ಹಾಕಿದ ನಲ್ಲಿ ನೀರಿನಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಉಳಿದಿದ್ದರೆ ಅದು ಬಿಂದಿಗೆಗೆ ಬಂದ ಮೇಲೂ ಸ್ವಲ್ಪ ಕಾಲ ಕಾವಲು ಕಾಯುತ್ತದೆ; ಫಿಲ್ಟರ್ ನೀರಿಗೆ ಆ ಕಾವಲಿಲ್ಲ. ಪಾಚಿ ಕಟ್ಟಿದ ಕ್ಯಾನಿಗೆ ತುಂಬಿಸಿದರೆ, ತೊಳೆಯದ ಕೈಯಿಂದ ಲೋಟ ಅದ್ದಿದರೆ, ಘಟಕದ ಸ್ಟೀಲ್ ಟ್ಯಾಂಕನ್ನೇ ತಿಂಗಳುಗಟ್ಟಲೆ ತೊಳೆಯದಿದ್ದರೆ, ಅಷ್ಟೆಲ್ಲ ಖರ್ಚು ಮಾಡಿ ಸೋಸಿದ ನೀರು ಮತ್ತೆ ಕೆಡುತ್ತದೆ. ಘಟಕದ ಮುಂದೆ ಸಾಲಾಗಿ ಇಟ್ಟ ಕ್ಯಾನುಗಳ ಒಳಮೈಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಹಸಿರು ಪದರ ಕಾಣದ ಕ್ಯಾನ್ ಅಪರೂಪ. ಕ್ಯಾನನ್ನು ವಾರಕ್ಕೊಮ್ಮೆ ಬ್ಲೀಚಿಂಗ್ ಪುಡಿ ಕರಗಿಸಿದ ನೀರಿನಿಂದ ಕುಲುಕಿ, ಅರ್ಧ ಗಂಟೆ ಬಿಟ್ಟು, ಚೆನ್ನಾಗಿ ಜಾಲಿಸಿ ಬಳಸಬೇಕು; ಬಿಸಿಲಿನಲ್ಲಿ ಇಡಬಾರದು; ನೀರು ತೆಗೆಯಲು ಉದ್ದ ಹಿಡಿಯ ಸೌಟು ಅಥವಾ ನಲ್ಲಿ ಇರುವ ಪಾತ್ರೆ ಬೇಕು. ಇದನ್ನು ಘಟಕದ ಗೋಡೆಯ ಮೇಲೆ ಬರೆಸಲು ದೊಡ್ಡ ಖರ್ಚಾಗುವುದಿಲ್ಲ.

ನಲ್ಲಿ ನೀರಿಗೂ ರೋಗಾಣುವಿನ ಭಯ ತಪ್ಪಿದ್ದಲ್ಲ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್, ನಮ್ಮ ರಾಜ್ಯದಲ್ಲಿ ಮನೆ ಮನೆಗೆ ಗಂಗೆ ಎಂಬ ಹೆಸರಿನಲ್ಲಿ, ತಲೆಗೆ ದಿನಕ್ಕೆ 55 ಲೀಟರ್ ನೀರು ಕೊಡುವ ಗುರಿಯಿಂದ ಮನೆ ಬಾಗಿಲಿಗೆ ನಲ್ಲಿ ತಂದಿತು. ಹೆಣ್ಣುಮಕ್ಕಳ ಹೊರೆ ಅದರಿಂದ ನಿಜಕ್ಕೂ ಇಳಿದಿದೆ. ಆದರೆ ಪೈಪು ಚರಂಡಿಯ ಪಕ್ಕದಲ್ಲೇ ಹಾದುಹೋಗಿ, ಜೋಡಣೆಯಲ್ಲಿ ಸೋರಿಕೆಯಿದ್ದು, ನೀರು ಬಿಡದ ಹೊತ್ತಿನಲ್ಲಿ ಪೈಪು ಖಾಲಿಯಾಗಿ ಹೊರಗಿನ ಕೊಳೆ ಒಳಕ್ಕೆ ಎಳೆದುಕೊಂಡರೆ ಏನಾಗುತ್ತದೆಂಬುದನ್ನು ನಾವು ಹತ್ತಿರದಲ್ಲೇ ಕಂಡಿದ್ದೇವೆ. 2021ರಲ್ಲಿ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿಯಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ವಾಂತಿ ಭೇದಿಯಿಂದ ಪ್ರಾಣ ಕಳೆದುಕೊಂಡರು. ಫ್ಲೋರೈಡ್ ಹತ್ತಾರು ವರ್ಷಗಳಲ್ಲಿ ಮಾಡುವ ಹಾನಿಯನ್ನು ರೋಗಾಣು ಎರಡೇ ದಿನದಲ್ಲಿ ಮಾಡಬಲ್ಲದು. ಆದ್ದರಿಂದ ಘಟಕ ಕೆಟ್ಟ ದಿನ ಅನಿವಾರ್ಯವಾಗಿ ನಲ್ಲಿ ನೀರು ಕುಡಿಯಬೇಕಾದವರು ಅದನ್ನು ಕುದಿಸಲೇಬೇಕು: ನೀರು ಕುದಿ ಬಂದ ಕೂಡಲೇ ಇಳಿಸಿ ಮುಚ್ಚಿಟ್ಟರೆ ರೋಗಾಣುವಿಗೆ ಅಷ್ಟು ಸಾಕು, ಅದಕ್ಕಿಂತ ಹೆಚ್ಚು ಬತ್ತಿಸಬಾರದು.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ, ಯಾರೂ ಮಾತನಾಡದ ವಿಷಯಕ್ಕೆ ಬರುತ್ತೇನೆ. ನಮ್ಮ ಊರಿನಲ್ಲಿ ಫಿಲ್ಟರ್ ನೀರು ಕುಡಿಯುವುದಕ್ಕೆ ಮಾತ್ರ. ಅಡುಗೆಗೆ ನಲ್ಲಿ ನೀರು. ಬೇಳೆ ಬೇಯದ ಮನೆಗಳಲ್ಲಿ ಬೇಳೆಗಷ್ಟೇ ಫಿಲ್ಟರ್ ನೀರು ಹಾಕುತ್ತಾರೆ, ಅನ್ನಕ್ಕೂ ಮುದ್ದೆಗೂ ಸಾರಿಗೂ ಕಾಫಿಗೂ ಹಾಕುವುದಿಲ್ಲ. ಕಾರಣ ಸರಳ: ಕ್ಯಾನ್ ಹೊತ್ತು ತರಬೇಕು, ನಲ್ಲಿ ಅಂಗಳದಲ್ಲೇ ಇದೆ. ಲೆಕ್ಕ ಹಾಕಿ ನೋಡೋಣ. ನಲ್ಲಿ ನೀರಿನಲ್ಲಿ ಲೀಟರಿಗೆ 2.5 ಮಿಲಿಗ್ರಾಂ, ಘಟಕದ ನೀರಿನಲ್ಲಿ 0.3 ಮಿಲಿಗ್ರಾಂ ಫ್ಲೋರೈಡ್ ಇದೆ ಎಂದಿಟ್ಟುಕೊಳ್ಳಿ. ಹೊಲದಲ್ಲಿ ದುಡಿಯುವ ಒಬ್ಬರು ದಿನಕ್ಕೆ ಮೂರು ಲೀಟರ್ ಕುಡಿಯುತ್ತಾರೆ, ಅಡುಗೆಯ ಮೂಲಕ ಇನ್ನೊಂದು ಲೀಟರ್ ನೀರು ಅವರ ಹೊಟ್ಟೆ ಸೇರುತ್ತದೆ. ಎಲ್ಲದಕ್ಕೂ ನಲ್ಲಿ ನೀರೇ ಆದರೆ ದಿನಕ್ಕೆ 10 ಮಿಲಿಗ್ರಾಂ. ಕುಡಿಯಲು ಘಟಕದ ನೀರು, ಅಡುಗೆಗೆ ನಲ್ಲಿ ನೀರಾದರೆ 3.4 ಮಿಲಿಗ್ರಾಂ, ಅದರಲ್ಲಿ 2.5 ಬರುವುದು ಅಡುಗೆಯಿಂದಲೇ. ಎರಡಕ್ಕೂ ಘಟಕದ ನೀರಾದರೆ 1.2 ಮಿಲಿಗ್ರಾಂ. ಅಂದರೆ ಕುಡಿಯುವ ನೀರನ್ನು ಬದಲಿಸಿ ಹೆಚ್ಚಿನ ಅಪಾಯ ಕಳೆದುಕೊಂಡ ಮನೆಯಲ್ಲಿ, ಉಳಿದ ಅಪಾಯದ ಮುಕ್ಕಾಲು ಪಾಲು ಅಡುಗೆ ಮನೆಯಲ್ಲಿ ಕುಳಿತಿದೆ. ಬಹಳ ಹೊತ್ತು ಕುದಿಸಿ ಮಾಡುವ ಸಾರಿನಲ್ಲಿ, ನೀರನ್ನೆಲ್ಲ ಹೀರಿಕೊಳ್ಳುವ ಮುದ್ದೆಯಲ್ಲಿ ನೀರು ಬತ್ತುತ್ತದೆ, ಫ್ಲೋರೈಡ್ ಉಳಿಯುತ್ತದೆ. ಚಹಾ ಎಲೆಯಲ್ಲೇ ಫ್ಲೋರೈಡ್ ಇರುವುದರಿಂದ ನಲ್ಲಿ ನೀರಿನಲ್ಲಿ ಚಹಾ ಕಾಯಿಸುವುದು ಇನ್ನೂ ಬೇಡ.

ಈ ದೃಷ್ಟಿಯಿಂದ ನೋಡಿದರೆ ಅಂಗನವಾಡಿ ಮತ್ತು ಶಾಲೆಯ ಬಿಸಿಯೂಟದ ಅಡುಗೆಗೆ ಯಾವ ನೀರು ಬಳಸುತ್ತಾರೆಂಬುದು ಇಡೀ ಊರಿನ ಪ್ರಶ್ನೆಯಾಗಬೇಕು. ಹಲ್ಲು ಹುಟ್ಟುತ್ತಿರುವ, ಮೂಳೆ ಬೆಳೆಯುತ್ತಿರುವ ಮಕ್ಕಳೇ ಅಲ್ಲಿ ಉಣ್ಣುವವರು. ನಮ್ಮಲ್ಲಿ ಶಾಲೆಯ ಮಕ್ಕಳಿಗೆ ಕುಡಿಯಲು ಫಿಲ್ಟರ್ ನೀರಿನ ಕ್ಯಾನ್ ಬರುತ್ತದೆ, ಅನ್ನ ಸಾಂಬಾರಿಗೆ ಬರುವುದಿಲ್ಲ. ಘಟಕದಿಂದ ಶಾಲೆಯ ಅಡುಗೆ ಕೋಣೆಗೆ ಒಂದು ಪೈಪು ಎಳೆಯಲು ಬೇಕಾದ ದೂರ ಹೆಚ್ಚೇನೂ ಇಲ್ಲ. ಅಷ್ಟು ಮಾಡದ ಸೇವೆಗೆ ನಾನು ಪೂರ್ತಿ ಅಂಕ ಕೊಡಲಾರೆ. ಇದರ ಜೊತೆಗೆ ಒಂದು ಮಾತು: ಆರ್‌ಒ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಹುಪಾಲು ಹೋಗಿರುತ್ತದೆ ಎಂದು ಹೆದರಿ ಫ್ಲೋರೈಡ್ ನೀರಿಗೆ ಮರಳುವುದು ಸರಿಯಲ್ಲ. ಕ್ಯಾಲ್ಸಿಯಂ ನಮಗೆ ನೀರಿಗಿಂತ ಊಟದಿಂದ ಹೆಚ್ಚು ಸಿಗುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಇದೆ. ಹಾಲು, ಮಜ್ಜಿಗೆ, ನುಗ್ಗೆ ಸೊಪ್ಪು, ನೆಲ್ಲಿಕಾಯಿ ಊಟದಲ್ಲಿದ್ದರೆ ದೇಹಕ್ಕೆ ಫ್ಲೋರೈಡ್ ಮಾಡುವ ಹಾನಿಯೂ ಕಡಿಮೆಯಾಗುತ್ತದೆ. ಕೇಂದ್ರ ಸರ್ಕಾರ 2008-09ರಲ್ಲಿ ಆರಂಭಿಸಿದ ಫ್ಲೋರೋಸಿಸ್ (ಫ್ಲೋರೈಡಿನಿಂದ ಬರುವ ಹಲ್ಲು, ಮೂಳೆಯ ಕಾಯಿಲೆ) ನಿಯಂತ್ರಣ ಕಾರ್ಯಕ್ರಮವೂ ನೀರಿನ ಜೊತೆಗೆ ಪೌಷ್ಟಿಕ ಆಹಾರಕ್ಕೆ ಒತ್ತು ಕೊಡುತ್ತದೆ.

ಘಟಕ ಹೊರಬಿಡುವ ನೀರಿನ ಬಗ್ಗೆ ನನಗೆ ನಿಜವಾದ ಬೇಸರವಿದೆ. ಒಳಕ್ಕೆ ಹೋದ ನೀರಿನಲ್ಲಿ ಸುಮಾರು ಅರ್ಧದಷ್ಟು ಹೊರಗೆ ಹೋಗುತ್ತದೆ, ಪೊರೆ ತಡೆದ ಫ್ಲೋರೈಡ್ ಪೂರ್ತಿ ಅದರಲ್ಲೇ ಇರುವುದರಿಂದ ಅದರಲ್ಲಿನ ಪ್ರಮಾಣ ಬಾವಿಯ ನೀರಿನದಕ್ಕಿಂತ ಹೆಚ್ಚು ಕಡಿಮೆ ಎರಡು ಪಟ್ಟು. ನಮ್ಮಲ್ಲಿ ಆ ನೀರು ಚರಂಡಿಗೆ ಹರಿದು ಘಟಕದ ಹಿಂದಿನ ತಗ್ಗಿನಲ್ಲಿ ನಿಲ್ಲುತ್ತದೆ, ದನಗಳು, ಕುರಿಗಳು ಅದನ್ನೇ ಕುಡಿಯುತ್ತವೆ. ಫ್ಲೋರೈಡಿನಿಂದ ದನಕರುಗಳ ಹಲ್ಲೂ ಸವೆಯುತ್ತದೆ, ಕಾಲೂ ಕುಂಟುತ್ತದೆ. ಆ ನೀರನ್ನು ಒಂದು ತೊಟ್ಟಿಯಲ್ಲಿ ಹಿಡಿದು ಶೌಚಾಲಯ ತೊಳೆಯಲು, ಕಟ್ಟಡ ಕೆಲಸಕ್ಕೆ ಬಳಸಬಹುದು. ಇಂಗುಗುಂಡಿಗೆ ಬಿಡುವುದು ಮಾತ್ರ ಬೇಡ, ಅದು ತಿರುಗಿ ನಮ್ಮ ಬಾವಿಗೇ ಬರುತ್ತದೆ.

ಸೇವೆಯ ದಿನನಿತ್ಯದ ಅನುಭವ ಸಾಧಾರಣ. ಬೆಳಗ್ಗೆಯೂ ಸಂಜೆಯೂ ಘಟಕ ತೆರೆದಿರುತ್ತದೆ, ವಿದ್ಯುತ್ ಇಲ್ಲದಿದ್ದರೆ ಟ್ಯಾಂಕಿನಲ್ಲಿ ಇದ್ದಷ್ಟು ನೀರು ಸಿಗುತ್ತದೆ. ನಾಣ್ಯ ಸಿಕ್ಕಿಕೊಳ್ಳುವುದುಂಟು; ನೋಡಿಕೊಳ್ಳುವ ಹುಡುಗ ಒಳ್ಳೆಯವನು, ಕರೆದರೆ ಬಂದು ಸರಿಮಾಡುತ್ತಾನೆ. ಬೆಲೆಯ ಬಗ್ಗೆ ನನಗೆ ದೂರಿಲ್ಲ: ಲೀಟರಿಗೆ ಇಪ್ಪತ್ತೈದು ಪೈಸೆ. ಆದರೆ ಘಟಕ ಊರಿನ ಒಂದು ತುದಿಯಲ್ಲಿದೆ, ಕಾಲೊನಿ ಇನ್ನೊಂದು ತುದಿಯಲ್ಲಿದೆ. ಇಪ್ಪತ್ತು ಕೆ.ಜಿ. ತೂಗುವ ಕ್ಯಾನನ್ನು ಅಲ್ಲಿಯವರೆಗೆ ಹೊರಲಾಗದ ವಯಸ್ಸಾದವರು ಬೈಕಿನಲ್ಲಿ ತಂದುಕೊಡುವವರಿಗೆ ಬೇರೆ ಹಣ ಕೊಡಬೇಕು, ಇಲ್ಲವೇ ನಲ್ಲಿ ನೀರೇ ಕುಡಿಯಬೇಕು. ಬಹಳ ವರ್ಷ ಇದೇ ನೀರು ಕುಡಿದು ಸೊಂಟ ಹಿಡಿದವರಿಗೇ ಈಗ ಒಳ್ಳೆಯ ನೀರು ದೂರವಾಗಿರುವುದು ನೋವಿನ ಸಂಗತಿ. ಕಾಲೊನಿಯಲ್ಲಿ ಒಂದು ಸಣ್ಣ ಟ್ಯಾಂಕ್ ಇಟ್ಟು ದಿನಕ್ಕೊಮ್ಮೆ ಘಟಕದ ನೀರು ತುಂಬಿಸಿದರೆ ಈ ತೊಂದರೆ ತೀರುತ್ತದೆ.

ಕೆಟ್ಟಾಗ ರಿಪೇರಿಯಾಗುವ ವೇಗ ಮಾತ್ರ ಒಪ್ಪುವಂತಿಲ್ಲ. ಕಳೆದ ಬೇಸಿಗೆಯಲ್ಲಿ, ನೀರು ಹೆಚ್ಚು ಬೇಕಾದ ಕಾಲದಲ್ಲೇ, ಪಂಪ್ ಸುಟ್ಟು ಘಟಕ ಬಹಳ ದಿನ ಮುಚ್ಚಿತ್ತು. ನಿರ್ವಹಣೆಯ ಗುತ್ತಿಗೆ ಪಡೆದವರು ಬರಬೇಕು ಎಂದು ಪಂಚಾಯಿತಿ, ಬಿಲ್ ಬಂದಿಲ್ಲ ಎಂದು ಗುತ್ತಿಗೆದಾರರು. ಆಗ ಬಂದದ್ದೇ ಗೂಡ್ಸ್ ಆಟೊದ ಕ್ಯಾನ್ ನೀರು. ಆ ಕ್ಯಾನಿಗೆ ಮೊಹರಿಲ್ಲ, ಚೀಟಿಯಿಲ್ಲ, ಎಲ್ಲಿ ತುಂಬಿದ್ದೆಂದು ಕೇಳಿದರೆ ನೇರವಾದ ಉತ್ತರವಿಲ್ಲ. ಅದು ಬೇರೊಂದು ಕೊಳವೆ ಬಾವಿಯ ನೀರೇ ಆಗಿದ್ದರೂ ನಮಗೆ ತಿಳಿಯುವಂತಿರಲಿಲ್ಲ. ಬೆಲೆಯಂತೂ ಘಟಕದ್ದಕ್ಕಿಂತ ಹಲವು ಪಟ್ಟು. ಕೂಲಿಯ ಮೇಲೆ ಬದುಕುವ ಮನೆಗಳು ಅದನ್ನು ಕೊಳ್ಳಲಾಗದೆ ಆ ಬೇಸಿಗೆಯನ್ನು ನಲ್ಲಿ ನೀರಿನಲ್ಲೇ ಕಳೆದವು.

ಪರೀಕ್ಷೆ ಮಾಡುವ ಸಾಮರ್ಥ್ಯ ಊರಿನಲ್ಲೇ ಇದೆ ಎಂಬುದು ಈ ವಿಷಯದಲ್ಲಿ ನನಗೆ ಕಾಣುವ ದೊಡ್ಡ ಭರವಸೆ. ಪ್ರತಿ ಹಳ್ಳಿಯಲ್ಲೂ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆ ಕಲಿಸಬೇಕೆಂಬುದು ಜಲ ಜೀವನ್ ಮಿಷನ್‌ನ ನಿಯಮ. ಮೇಲೆ ಹೇಳಿದ ಅಕ್ಕನಂಥವರಿಗೆ ಫ್ಲೋರೈಡ್, ನೈಟ್ರೇಟ್, ಗಡಸುತನ, ಉಳಿಕೆ ಕ್ಲೋರಿನ್ ಎಲ್ಲವನ್ನೂ ಕಿಟ್‌ನಲ್ಲಿ ನೋಡಲು ಬರುತ್ತದೆ. ರೋಗಾಣು ಪರೀಕ್ಷೆಯ ಸಣ್ಣ ಸೀಸೆಗೆ ನೀರು ತುಂಬಿಸಿ ಒಂದೆರಡು ದಿನ ಬೆಚ್ಚಗಿಟ್ಟಾಗ ಅದು ಕಪ್ಪಾದರೆ ನೀರಿಗೆ ಮಲದ ಸೋಂಕು ತಗುಲಿರಬಹುದೆಂಬ ಎಚ್ಚರಿಕೆ. ಇದನ್ನು ಓದಲು ಯಾವ ಪದವಿಯೂ ಬೇಡ. ಕಿಟ್‌ನಲ್ಲಿ ಅನುಮಾನ ಬಂದ ನೀರನ್ನು ಪ್ರಯೋಗಾಲಯಕ್ಕೆ ಕಳಿಸಬಹುದು, ಸಾರ್ವಜನಿಕರೇ ನೇರವಾಗಿ ಕೊಟ್ಟು ಪರೀಕ್ಷಿಸಿಕೊಳ್ಳುವ ಅವಕಾಶವೂ ಇದೆ. ಆದರೆ ಈ ಮಹಿಳೆಯರು ಬರೆದ ಫಲಿತಾಂಶ ಮೇಲಿನ ಕಚೇರಿಗೆ ಹೋಗುತ್ತದೆ, ಕ್ಯಾನ್ ಹಿಡಿದು ನಿಂತವರ ಕಣ್ಣಿಗೆ ಬೀಳುವುದಿಲ್ಲ. ಘಟಕದ ಬಾಗಿಲ ಪಕ್ಕ ಒಂದು ಕಪ್ಪು ಹಲಗೆ ಹಾಕಿ, ಕೊನೆಯ ಪರೀಕ್ಷೆಯ ದಿನಾಂಕ, ಒಳಗಿನ ಮತ್ತು ಹೊರಗಿನ ನೀರಿನ ಫ್ಲೋರೈಡ್, ಎರಡರ ಟಿಡಿಎಸ್, ಪೊರೆ ಬದಲಿಸಿದ ತಿಂಗಳು, ಟ್ಯಾಂಕ್ ತೊಳೆದ ದಿನ, ಇಷ್ಟನ್ನು ಸೀಮೆಸುಣ್ಣದಲ್ಲಿ ಬರೆದರೆ ಘಟಕದ ಬಗ್ಗೆ ನನಗಿರುವ ಅರ್ಧ ತಕರಾರು ಮುಗಿಯುತ್ತದೆ.

ಘಟಕವನ್ನೇ ನೆಚ್ಚಿಕೊಳ್ಳದೆ ಇರುವ ದಾರಿಯೂ ಇದೆ, ಅದು ಮಳೆ ನೀರು. ಬಂಡೆಯನ್ನು ಮುಟ್ಟದ ನೀರಿನಲ್ಲಿ ಫ್ಲೋರೈಡಿನ ಭಯವಿಲ್ಲ. 50 ಚದರ ಮೀಟರ್ ಆರ್‌ಸಿಸಿ ತಾರಸಿಯ ಮೇಲೆ ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿದ್ದರೆ, ಶೇಕಡಾ 20ರಷ್ಟು ನಷ್ಟ ಕಳೆದರೂ 20,000 ಲೀಟರ್ ಸಿಗುತ್ತದೆ. ಐದು ಜನರ ಮನೆಗೆ ಕುಡಿಯಲು ಮತ್ತು ಅಡುಗೆಗೆ ತಲೆಗೆ ಎಂಟು ಲೀಟರಿನಂತೆ ದಿನಕ್ಕೆ 40 ಲೀಟರ್ ಬೇಕು, ಅಂದರೆ ಆ ನೀರು 500 ದಿನಕ್ಕೆ ಸಾಲುತ್ತದೆ. ಲೆಕ್ಕದಲ್ಲಿ ಇಷ್ಟು ಸಲೀಸಾದದ್ದು ನಡೆಸುವಾಗ ಅಷ್ಟು ಸಲೀಸಲ್ಲ: ಮಳೆ ಒಮ್ಮೆಲೇ ಬಂದು ತಿಂಗಳುಗಟ್ಟಲೆ ಬಾರದಿರುವ ನಮ್ಮ ಸೀಮೆಯಲ್ಲಿ ದೊಡ್ಡ ಸಂಪು ಬೇಕು, ಅದಕ್ಕೆ ಹಣ ಬೇಕು, ಮೊದಲ ಮಳೆಯ ನೀರನ್ನು ಹೊರಗೆ ಬಿಡಬೇಕು, ಸೋಸುಕ ತೊಳೆಯಬೇಕು, ಸಂಪಿಗೆ ಬೆಳಕೂ ಸೊಳ್ಳೆಯೂ ಹೋಗದಂತೆ ಮುಚ್ಚಬೇಕು, ಕುಡಿಯುವ ಮೊದಲು ಕುದಿಸಬೇಕು. ಆದರೂ ಹೊಸ ಮನೆ ಕಟ್ಟುವವರು ಸಂಪನ್ನು ಮೊದಲೇ ಲೆಕ್ಕಕ್ಕೆ ಹಿಡಿಯಲಿ ಎಂದು ಹೇಳುತ್ತೇನೆ. ದೊಡ್ಡ ತಾರಸಿಯಿರುವ ಶಾಲೆಯಲ್ಲಂತೂ ಬಿಸಿಯೂಟದ ಅಡುಗೆಗೆ ಇದಕ್ಕಿಂತ ಒಳ್ಳೆಯ ನೀರು ಸಿಗದು. ತುಂಗಭದ್ರಾ ಹಿನ್ನೀರಿನಿಂದ ನಮ್ಮ ತಾಲ್ಲೂಕಿನ ಹಳ್ಳಿಗಳಿಗೆ ನೀರು ತರುವ ಬಹುಗ್ರಾಮ ಯೋಜನೆಯ ಮೇಲೂ ಜನರಿಗೆ ಬಹಳ ಆಸೆಯಿದೆ, ಅದು ನ್ಯಾಯವಾದ ಆಸೆ. ಆ ನೀರನ್ನು ಕೊಳವೆ ಬಾವಿಯ ನೀರಿನೊಂದಿಗೆ ಒಂದೇ ಟ್ಯಾಂಕಿನಲ್ಲಿ ಬೆರೆಸಿದರೆ ಮಾತ್ರ ಮತ್ತೆ ಫ್ಲೋರೈಡ್ ಅಳೆಯುವ ಕೆಲಸ ಉಳಿದೇ ಇರುತ್ತದೆ; ನದಿ ನೀರಿಗೆ ಬೇರೆ ಟ್ಯಾಂಕ್ ಇರಬೇಕೆಂದು ಊರು ಈಗಿನಿಂದಲೇ ಕೇಳಬೇಕು.

ಅಲ್ಲಿಯವರೆಗೆ ಘಟಕದ ನೀರನ್ನೇ ಕುಡಿಯಿರಿ, ಸಾಧ್ಯವಾದಷ್ಟು ಅಡುಗೆಗೂ ಅದನ್ನೇ ಬಳಸಿ ಎಂಬುದು ನನ್ನ ಸಲಹೆ. ಮನೆಯಲ್ಲಿ ಎಂಟು ವರ್ಷದೊಳಗಿನ ಮಕ್ಕಳಿದ್ದರೆ, ಬಸುರಿ ಬಾಣಂತಿಯರಿದ್ದರೆ, ಅವರ ಊಟದ ನೀರಿಗಾಗಿ ಇನ್ನೊಂದು ಕ್ಯಾನ್ ಹೆಚ್ಚಿಗೆ ತರುವ ಐದು ರೂಪಾಯಿಯನ್ನು ಉಳಿಸಬೇಡಿ. ಮುಂದಿನ ಗ್ರಾಮಸಭೆಯಲ್ಲಿ ನಾವು ಕೆಲವರು ನಾಲ್ಕು ಬೇಡಿಕೆ ಇಡಲಿದ್ದೇವೆ: ಬಾಗಿಲಲ್ಲಿ ಹಲಗೆ, ಶಾಲೆಯ ಅಡುಗೆ ಕೋಣೆಗೆ ಪೈಪು, ಕಾಲೊನಿಗೆ ಸಣ್ಣ ಟ್ಯಾಂಕ್, ಪಂಪ್ ಕೆಟ್ಟರೆ ಎಷ್ಟು ದಿನದೊಳಗೆ ಸರಿಮಾಡಬೇಕೆಂದು ಗುತ್ತಿಗೆಯಲ್ಲೇ ಒಂದು ಗಡುವು. ಅಕ್ಕನವರು ತಮ್ಮ ಕಿಟ್ ತಂದು ಸಭೆಯಲ್ಲೇ ಎರಡೂ ನೀರನ್ನು ಪರೀಕ್ಷಿಸಿ ತೋರಿಸಲು ಒಪ್ಪಿದ್ದಾರೆ.